ದೊಡ್ಡ ಇಳಕಲ್, ಸಣ್ಣ ಇಳಕಲ್

"ದ್ಯಾಮವ್ವನ ತಲೀಗೆ ಅಕ್ಷರ ಹತ್ತಂಗಿಲ್ಲ" ಅಂದಿದ್ದರು ನನ್ನ ಬಗ್ಗೆ ನಮ್ಮ ಮಾವ. ನಾನು ಅಂಗಡಿ ಬೋರ್ಡು ನೋಡಿಯೇ ಕನ್ನಡ, ಇಂಗ್ಲಿಷ್ ಎರಡನ್ನೂ ಕಲಿತು ಸೀರೆ ಗೋದಾಮಿನ ಕೆಲಸಕ್ಕೆ ಸೇರಿದೆ.

ಒಂದು ದಿನ ಮ್ಯಾನೇಜರ್ ಗುಡುಗಿದರು: "ಕಂಪ್ಯೂಟರಿನಾಗ ಐನೂರು ಇಳಕಲ್ ಸೀರಿ ಅದಾವ, ಇಲ್ಲಿ ಮುನ್ನೂರ ಅದಾವ. ಕದ್ದೀಯೇನು?"

ಪರದೆ ನೋಡಿದೆ. ಬಂದ ಸೀರೆಗಳ ಹೆಸರು ಇಂಗ್ಲಿಷಿನ ದೊಡ್ಡಕ್ಷರದಲ್ಲಿತ್ತು, ಮಾರಿದವುಗಳದು ಚಿಕ್ಕಕ್ಷರದಲ್ಲಿ. ಎರಡೂ ಬೇರೆ ಸೀರೆ ಎಂದುಕೊಂಡ ಯಂತ್ರ, ಮಾರಿದ್ದನ್ನು ಕಳೆದೇ ಇರಲಿಲ್ಲ.

"ಸಾಹೇಬ್ರ, ಹೆಸರು ಎರಡೂ ಕಡೆ ಕನ್ನಡದಾಗ ಬರೀರಿ."

ನಗುತ್ತಲೇ ಬರೆದರು. ಮುನ್ನೂರು ಮೂಡಿತು. ಅವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಏನ್ ಮಂತ್ರ ಹಾಕಿದಿ ಬೇ?"

"ನಮ್ಮ ಅಕ್ಷರದಾಗ ದೊಡ್ಡವರು, ಸಣ್ಣವರು ಅಂತ ಇಲ್ರಿ."

ಸಾಹೇಬರು ಎದ್ದು ನಿಂತರು.

ಈಗ ನನ್ನವೇ ಎರಡು ಮಗ್ಗಗಳಿವೆ. ಅವನ್ನು ಕೊಳ್ಳಲು ತವರಿನ ಚಿನ್ನದ ಸರ, ಬೋರಮಾಳ, ಮಾರಿದೆ. ಮರುಗಿಲ್ಲ.