ಎಲ್ಲಾ ಸೇರಿದ ಬಾಡಿಗೆ

ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ. ಯಾರಿಗೂ ಹೇಳೋದಿಲ್ಲ ಅಂತ ಆಣೆ ಮಾಡಿ.

ನಮ್ಮ ವಠಾರದ ಮಾಲೀಕ ಚನ್ನಕೇಶವಯ್ಯ ಬಾಡಿಗೆಯ ಮೇಲೆ ಎಲ್ಲದಕ್ಕೂ ಶುಲ್ಕ ಕೀಳುತ್ತಿದ್ದ. ನೆಂಟರು ಬಂದರೆ ತಲೆಗಿಷ್ಟು, ಒಂದು ಕೊಡ ನೀರು ಹೆಚ್ಚಿಗೆ ಹಿಡಿದರೆ ಇಷ್ಟು, ತಾರಸಿಯಲ್ಲಿ ಸಂಡಿಗೆ ಒಣಗಿಸಿದರೆ ಇಷ್ಟು. ಬಾಡಿಗೆ ಬಿಟ್ಟು ಬೇರೆ ಕಾಸು ಕೇಳಕೂಡದು ಅಂತ ಪುರಸಭೆಯವರು ಕಟ್ಟಪ್ಪಣೆ ಮಾಡಿದರು. ಮಹರಾಯ ಮರುದಿನವೇ ಬಾಡಿಗೆಯನ್ನು ಎಂಟುನೂರು ಏರಿಸಿದ.

ಮೂರನೇ ಮನೆಯ ಅಂಚೆ ಗುಮಾಸ್ತ ಅಷ್ಟು ಕೊಡಲಾರ, ಮನೆಯೇ ಬಿಡಬೇಕು. ಆದರೂ ತಣ್ಣಗೆ ಕೇಳಿದ: "ಹಾಗಾದರೆ ನೆಂಟರು, ನೀರು, ತಾರಸಿ ಎಲ್ಲಾ ಇದರಲ್ಲೇ ಬಂತಾ ಸಾರ್?"

"ಎಲ್ಲಾ ಬಂತು ಕಣಯ್ಯ," ಅಂದ ಮಾಲೀಕ, ದಾನ ಕೊಟ್ಟವನ ಹಾಗೆ.

ಭಾನುವಾರ ಗುಮಾಸ್ತನ ಹೆಂಡತಿಯ ತವರಿನಿಂದ ಹದಿನಾರು ಜನ ಬಂದಿಳಿದರು. ತಾರಸಿ ತುಂಬಾ ಸಂಡಿಗೆ. ಎಲ್ಲರಿಗೂ ಎಣ್ಣೆಸ್ನಾನ. ವಠಾರಕ್ಕಿರೋದು ಒಂದೇ ತೊಟ್ಟಿ, ಅದು ಬರಿದಾಯಿತು. ತಲೆಗೆ ಸೀಗೇಪುಡಿ ಹಚ್ಚಿಕೊಂಡಿದ್ದ ಮಾಲೀಕ ಟವೆಲಿನಲ್ಲೇ ಹೊರಗೆ ಬಂದ.

"ಇವರೆಲ್ಲ ಹೊರಡೋದು ಯಾವಾಗಯ್ಯ?"

"ಎಂಟುನೂರು ತೀರಲಿ ಸಾರ್. ನಮ್ಮ ತಂದೆ ಕಡೆಯವರು ಇನ್ನೂ ಬಸ್ಸಲ್ಲಿದ್ದಾರೆ."

ಕಣ್ಣಿಗೆ ಸೀಗೇಪುಡಿ ಇಳಿಯುತ್ತಿದ್ದ ಹಾಗೇ ಮಾಲೀಕ ಹಳೇ ಬಾಡಿಗೆಗೆ ಒಪ್ಪಿ ಬರೆದುಕೊಟ್ಟ.

ನಾನು ಇದನ್ನು ನಾಲ್ಕು ಮನೆಗೆ ಮಾತ್ರ ಹೇಳಿದೆ. ಪಕ್ಕದಲ್ಲೇ ಇರೋ ಮಾಲೀಕನ ಹೆಂಡತಿ ಬಂದು ಮುಖಕ್ಕೇ ಅಂದಳು: "ಅಜ್ಜಿ, ನಿಮ್ಮ ಬಾಯಿಗೊಂದು ಶುಲ್ಕ ಹಾಕಿದ್ದರೆ ನಾವು ಯಾರ ಹತ್ತಿರವೂ ಬಾಡಿಗೆಯನ್ನೇ ಕೇಳಬೇಕಾಗಿರಲಿಲ್ಲ!"