ಗಾಳಿಗೆ ದಾರಿ ಬಿಡದ ಮರಳು

ಲೋಕ ಆಗಷ್ಟೇ ಹುಟ್ಟಿ ಇನ್ನೂ ಹಸಿಹಸಿಯಾಗಿತ್ತು. ಎಲ್ಲಿ ಕೂರಬೇಕೆಂದು ಬೆಟ್ಟಗಳೇ ತೀರ್ಮಾನ ಮಾಡಿರಲಿಲ್ಲ. ಆ ಕಾಲದಲ್ಲಿ ಬೆಳಕು ಮತ್ತು ಗಾಳಿ ಎಲ್ಲಿಗೆ ಹೋದರೂ ಜೊತೆಯಲ್ಲೇ ಹೋಗುತ್ತಿದ್ದವು. ಗೋಡೆಯಲ್ಲಿ ಒಂದು ಕಿಂಡಿ ಇದ್ದರೆ ಸಾಕು, ಬೆಳಕು ಒಳಗೆ ಬರುತ್ತಿತ್ತು. ಅದರ ಹಿಂದೆಯೇ ಗಾಳಿಯೂ ಬರುತ್ತಿತ್ತು.

ಹೊಳೆಯ ದಂಡೆಯಲ್ಲಿ ಕೆಂಚಮ್ಮ ಎಂಬ ಕುಂಬಾರಗಿತ್ತಿ ಇದ್ದಳು. ಅವಳಿಗೆ ಸಣ್ಣಿ ಎಂಬ ಹಸುಗೂಸು. ಕಿಂಡಿ ತೆರೆದರೆ ತಣ್ಣನೆ ಗಾಳಿ ಬಂದು ಮಗು ಕೆಮ್ಮುತ್ತಿತ್ತು. ಕಿಂಡಿ ಮುಚ್ಚಿದರೆ ಕತ್ತಲಾಗಿ ಮಗು ಬಿಳಿಚಿಕೊಳ್ಳುತ್ತಿತ್ತು. ತೆರೆದರೆ ಕೆಮ್ಮು, ಮುಚ್ಚಿದರೆ ಕತ್ತಲೆ. ಸಣ್ಣಿ ದಿನದಿನಕ್ಕೂ ಸೊರಗಿದಳು. ಹೀಗೇ ಆದರೆ ಮಗು ಈ ಚಳಿಗಾಲ ದಾಟುವುದಿಲ್ಲ ಎಂದು ಕೆಂಚಮ್ಮನಿಗೆ ಗೊತ್ತಾಯಿತು.

ಚಳಿ ಮುಗಿಯುವವರೆಗೆ ಹೊರಗಿರು ಎಂದು ಅವಳು ಗಾಳಿಯನ್ನು ಬೇಡಿಕೊಂಡಳು. ಗಾಳಿ ಒಪ್ಪಿತು. ಒಪ್ಪಿದ್ದನ್ನು ಮರುಗಳಿಗೆಯಲ್ಲೇ ಮರೆತು ಒಳಗೆ ಬಂತು. ಗಾಳಿ ಕೆಟ್ಟದ್ದೇನಲ್ಲ. ಅದಕ್ಕೆ ಸುಮ್ಮನೆ ಕೂತು ಗೊತ್ತಿಲ್ಲ, ಅಷ್ಟೇ. ಅಂಥವರು ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ, ಹೆಸರು ಬೇಡ.

ಕೆಂಚಮ್ಮ ದಂಡೆಗೆ ಹೋಗಿ ಅತ್ತಳು. ಕೇಳಿಸಿಕೊಂಡದ್ದು ಮರಳು. ಮರಳಿಗೂ ಒಂದು ಸಂಕಟವಿತ್ತು. ಗಾಳಿ ಅದನ್ನು ಬೆಳಿಗ್ಗೆ ಅಲ್ಲಿಗೆ ಹಾರಿಸುತ್ತಿತ್ತು, ಸಂಜೆ ಇಲ್ಲಿಗೆ ಹಾರಿಸುತ್ತಿತ್ತು. ಒಂದು ಕಡೆ ನೆಲೆಯಾಗಿ ನಿಲ್ಲಬೇಕೆಂಬುದೇ ಅದರ ಆಸೆ. ನಿನ್ನ ಕಿಂಡಿಯಲ್ಲಿ ನಾನು ನಿಲ್ಲುತ್ತೇನೆ ಎಂದು ಮರಳು ಹೇಳಿತು. ಪುಡಿಪುಡಿಯಾಗಿರುವ ನೀನು ನಿಲ್ಲುವುದು ಹೇಗೆ ಎಂದು ಕೆಂಚಮ್ಮ ಕೇಳಿದಳು. ಇಬ್ಬರಿಗೂ ಗೊತ್ತಿರಲಿಲ್ಲ. ಬೆಂಕಿಯನ್ನೇ ಕೇಳೋಣವೆಂದು ಮನೆಗೆ ಬಂದರು.

ಬೆಂಕಿ ಕೆಂಚಮ್ಮ ಮಡಕೆ ಸುಡುವ ಆವಿಗೆಯಲ್ಲೇ ಇತ್ತು. ಅದಕ್ಕೆ ಸುತ್ತಿ ಬಳಸಿ ಮಾತಾಡಿ ಅಭ್ಯಾಸವಿಲ್ಲ.

"ಚೌಳುಮಣ್ಣು ಬೆರೆಸ್ಕೊಂಡು ಬಾ, ಕರಗಿಸ್ತೀನಿ. ಒಂದೇ ಮೈ ಆಯ್ತೀಯ," ಎಂದಿತು ಬೆಂಕಿ. "ಆದ್ರೆ ನಿಧಾನವಾಗಿ ಆರಬೇಕು. ಅವಸರ ಮಾಡಿದ್ರೆ ಒಡೆದೋಯ್ತೀಯ."

ಮರಳು ಚೌಳುಮಣ್ಣಿನ ಜೊತೆ ಆವಿಗೆಗೆ ಇಳಿಯಿತು. ತುಂಬಾ ನೋವಾಯಿತು. ಆದರೂ ಕರಗಿತು, ಜೇನಿನಂತೆ ಮಂದವಾಯಿತು. ಕೆಂಚಮ್ಮ ಅದನ್ನು ಚಪ್ಪಡಿಯ ಮೇಲೆ ಹುಯ್ದು ದೋಸೆಯ ಹಾಗೆ ಹರಡಿದಳು.

ಬೆಳಕು ಬಂದು ದೂರದಲ್ಲೇ ನಿಂತಿತು. ನಿನ್ನನ್ನು ದಾಟಿ ಹೋಗಲೇ ಎಂದು ಕೇಳಿತು. ನಾನು ಆರಿದ ಮೇಲೆ ಬಾ ಎಂದಿತು ಮರಳು. ಬೆಳಕು ಕಾಯುತ್ತಾ ನಿಂತಿತು.

ಗಾಳಿಯೂ ಬಂತು. ಅದು ಕೇಳಲಿಲ್ಲ. ಅಯ್ಯೋ ಪಾಪ, ಎಷ್ಟು ಸುಡುತ್ತಿದೆ ಎಂದುಕೊಂಡು, ಮಗುವಿನ ಗಂಜಿ ಆರಿಸುವ ಹಾಗೆ ಉಫ್ ಎಂದು ಊದಿತು. ಮರಳು ಟಣ್ಣನೆ ಸಿಡಿದು ಚೂರುಚೂರಾಯಿತು.

ಕೆಂಚಮ್ಮ ಚೂರುಗಳನ್ನು ಆಯ್ದಳು. ಬೆರಳು ಕುಯ್ದು ರಕ್ತ ಬಂತು. ಇನ್ನೊಮ್ಮೆ ಬೆಂಕಿಗೆ ಹೋಗು ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಮರಳಿಗೂ ಹೋಗುವ ಮನಸ್ಸಿರಲಿಲ್ಲ. ಒಳಗೆ ಸಣ್ಣಿ ಕೆಮ್ಮುವುದು ಕೇಳಿಸಿತು. ಮೊದಲಿಗಿಂತ ಸಣ್ಣ ಕೆಮ್ಮು ಅದು, ಸೋತವರ ಕೆಮ್ಮು.

"ಹಾಕಕ್ಕ," ಎಂದಿತು ಮರಳು. "ಮಗೀಗೆ ಕೆಮ್ಮಾಕೂ ಆಯ್ತಿಲ್ಲ."

ಮರಳು ಮತ್ತೆ ಕರಗಿತು. ಈ ಸಲ ಕೆಂಚಮ್ಮ ಅದನ್ನು ಹರಡಿದ ಕೂಡಲೇ ಬೆಚ್ಚಗಿನ ಬೂದಿ ಹೊದಿಸಿದಳು. ಮೇಲೆ ದೊಡ್ಡ ಬಾನಿಯೊಂದನ್ನು ಬೋರಲು ಹಾಕಿದಳು. ಗಾಳಿ ಬಾನಿಯ ಸುತ್ತ ಸುತ್ತಿತು, ಒಳಗೆ ಹೋಗಲು ದಾರಿ ಸಿಗಲಿಲ್ಲ. ಬೆಳಕು ಮಾತ್ರ ಬೆಳಿಗ್ಗೆ ಬರುತ್ತಿತ್ತು, ಸಂಜೆ ಹೋಗುತ್ತಿತ್ತು, ದೂರದಲ್ಲೇ ಕಾಯುತ್ತಿತ್ತು. ಪೂರ್ತಿ ಆರಿದ ಮೇಲೆ ಬೂದಿ ಸರಿಸಿ ನೋಡಿದರೆ ಮರಳು ಇರಲಿಲ್ಲ, ತಿಳಿಯಾದ ಗಾಜು ಇತ್ತು.

ಕೆಂಚಮ್ಮ ಗಾಜನ್ನು ಕಿಂಡಿಗೆ ಕೂರಿಸಿ ಸುತ್ತ ಜೇಡಿಮಣ್ಣು ಮೆತ್ತಿದಳು. ಬೆಳಕು ಇನ್ನೊಮ್ಮೆ ಕೇಳಿ ಒಳಗೆ ಬಂತು, ಸಣ್ಣಿಯ ಹೊಟ್ಟೆಯ ಮೇಲೆ ಕೂತಿತು. ಸಣ್ಣಿ ಕಾಲು ಬಡಿದು ನಕ್ಕಳು. ಕೆಮ್ಮು ನಿಧಾನವಾಗಿ ಇಳಿಯಿತು. ಕೆಂಚಮ್ಮನಿಗೆ ಹೋದ ಜೀವ ಬಂದಂತಾಯಿತು.

ಗಾಳಿ ಕಿಂಡಿಯ ಹತ್ತಿರ ಬಂದು, ನಾನು ಬೇಕೆಂದು ಒಡೆಯಲಿಲ್ಲ, ನೋವು ಆರಲೆಂದು ಊದಿದೆ ಎಂದಿತು.

"ಗೊತ್ತು ಕಣಣ್ಣ," ಎಂದಿತು ಗಾಜು. "ನಿನ್ ಮನ್ಸು ಒಳ್ಳೇದೇ. ಆದ್ರೆ ನೀನು ಹತ್ರ ಬಂದ್ರೆ ನಂಗೆ ಭಯ ಆಯ್ತದೆ. ಹೊರ್ಗೇ ಇರು."

ಅದಕ್ಕೇ ಇವತ್ತಿಗೂ ಬಿಸಿಲು ಕಿಟಕಿಯ ಗಾಜನ್ನು ದಾಟಿ ನಿನ್ನ ಹಾಸಿಗೆಯವರೆಗೆ ಬರುತ್ತದೆ, ಗಾಳಿ ಮಾತ್ರ ಹೊರಗೆ ನಿಂತು ತಪ್ಪಾಯಿತೆಂದು ತಟ್ಟುತ್ತಲೇ ಇರುತ್ತದೆ, ಗಾಜು ಗಡಗಡ ನಡುಗುತ್ತದೆಯೇ ಹೊರತು ದಾರಿ ಬಿಡುವುದಿಲ್ಲ.