ಸಿಡುಬಿನ ಜಗಳಕ್ಕೆ ಪಂಚನಾದ ಇಲಿ

ಸಂಶೋಧನಾಲಯದ ಹಿತ್ತಲಲ್ಲಿ ಹಸುವಿಗೂ ಮಂಗಕ್ಕೂ ಜಗಳ ಹತ್ತಿತ್ತು. ಮನುಷ್ಯರು ಒಂದು ಸಿಡುಬಿಗೆ ಹಸುವಿನ ಹೆಸರಿಟ್ಟಿದ್ದರು, ಇನ್ನೊಂದಕ್ಕೆ ಮಂಗನ ಹೆಸರು.

“ಈ ರೋಗ ಹಬ್ಬಿದ್ದು ನಿನ್ನಿಂದ” ಎಂದಿತು ಹಸು.

“ಮೊದಲು ನಿನ್ನ ಕೆಚ್ಚಲಿನ ಗುಳ್ಳೆ ನೋಡಿಕೋ” ಎಂದಿತು ಮಂಗ.

ನ್ಯಾಯ ಹೇಳಲು ಇಲಿಯನ್ನು ಕರೆದವು. ಅದರ ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ, ಆ ಎರಡರಲ್ಲಿ ಯಾವ ಸಿಡುಬಿಗೂ ಅದರ ಹೆಸರಿರಲಿಲ್ಲ. ಇಲಿ ಹುಲ್ಲಿನ ಹೊರೆಯ ಮೇಲೆ ಕೂತು, “ಇಬ್ಬರೂ ಮೊದಲು ಶುಚಿಯಾಗಿರುವುದನ್ನು ಕಲಿಯಿರಿ” ಎಂದಿತು. ಎರಡೂ ತಲೆ ತಗ್ಗಿಸಿದವು.

ಆಗ ಕಿಟಕಿಯಲ್ಲಿದ್ದ ಸಿರಿಂಜು ಬಾಯಿ ಹಾಕಿತು: “ಗುಳ್ಳೆ ಏಳದವರ ರಕ್ತದಲ್ಲೂ ರೋಗ ಇರಬಹುದು. ಮೂವರೂ ಒಂದೊಂದು ಹನಿ ಕೊಡಿ. ಅದು ಯಾರ ಮನೆಯಿಂದ ಹೊರಟಿತೆಂದು ಒಳಗೆ ಪರೀಕ್ಷೆ ಮಾಡಿ ಹೇಳುತ್ತಾರೆ.”

ಹಸು ಕೊಟ್ಟಿತು, ಮಂಗ ಕೊಟ್ಟಿತು. “ಇನ್ನು ಪಂಚರದ್ದು” ಎಂದು ಸಿರಿಂಜು ತಿರುಗಿದರೆ ಹುಲ್ಲಿನ ಮೇಲೆ ಯಾರೂ ಇಲ್ಲ. ಗೋಡೆಯ ಬಿಲದೊಳಗೆ ಬಾಲದ ತುದಿಯೊಂದು ಮಾಯವಾಗುತ್ತಿತ್ತು.

“ನಿನ್ನ ಬಾಯಿಗೆ ಬೇಸತ್ತು ಅಂಥ ದೊಡ್ಡವರು ಎದ್ದು ಹೋದರು” ಎಂದಿತು ಹಸು.

“ನಿನ್ನ ಕೊಂಬಿಗೆ ಹೆದರಿ ಹೋದರು” ಎಂದಿತು ಮಂಗ.

ಕೊನೆಗೆ ಎರಡೂ ಬಿಲದ ಮುಂದೆ ನಿಂತು ಕ್ಷಮೆ ಕೇಳಿದವು. ಇಲಿ ಒಳಗಿನಿಂದಲೇ ಕ್ಷಮಿಸಿತು.